ಸರ್ವೆಯವರು ಉಮ್ಮನನ್ನು ಕೇಳಿದರೆ ಉಮ್ಮನೇ ಹೇಳಲಿ

ಚುನಾವಣೆ ಹತ್ತಿರ ಬಂತೆಂದರೆ ಟಿವಿಯಲ್ಲಿ ಮುಸ್ಲಿಮರ ಓಟಿನ ಲೆಕ್ಕ ಶುರುವಾಗುತ್ತದೆ. ಅಲ್ಲಿಗೆ ಶೇಕಡಾ ಇಷ್ಟು, ಇಲ್ಲಿಗೆ ಶೇಕಡಾ ಅಷ್ಟು. ಗಂಗೊಳ್ಳಿ, ಕಂಡ್ಲೂರು, ನಾವುಂದ, ಶಿರೂರಿನಲ್ಲಿ ಕೇಳಿದರೆ "ನಮ್ಮನ್ನು ಯಾರು ಕೇಳಿದ್ದು ಮಾರಾಯ್ರೆ?" ಅಂತಾರೆ. ಅದೂ ಸುಳ್ಳಲ್ಲ. 2024ರಲ್ಲಿ ದೇಶದ ಮತದಾರರು 96 ಕೋಟಿಗೂ ಮೇಲಿದ್ದರು, ಸರ್ವೆಯವರು ಮಾತಾಡಿಸುವುದು ಕೆಲವು ಸಾವಿರ ಜನರನ್ನು. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು ಎನ್ನುವುದು ಹೌದು. ಆದರೆ ಬಿರಿಯಾನಿಯ ಮೇಲಿನ ಅಗುಳು ಮುಟ್ಟಿ ಅಡಿಯ ಕತೆ ಹೇಳಲಾದೀತೇ?

ಅದಕ್ಕೇ ಸರಿಯಾದ ಸಮೀಕ್ಷೆಯವರು ಕಂಡಕಂಡವರನ್ನು ಕೇಳುವುದಿಲ್ಲ. ದಿಲ್ಲಿಯ ಸಿಎಸ್‌ಡಿಎಸ್‌ನ ಲೋಕನೀತಿ ತಂಡ ಮತದಾರರ ಪಟ್ಟಿಯಿಂದ ಲೆಕ್ಕ ಹಾಕಿ ಹೆಸರು ಆರಿಸಿ, ಆ ಹೆಸರಿನವರ ಮನೆಗೇ ಹೋಗುತ್ತದೆ. ಪಟ್ಟಿಯಲ್ಲಿ ಬಂದದ್ದು ಉಮ್ಮನ ಹೆಸರಾದರೆ ಉತ್ತರ ಬೇಕಾದದ್ದು ಉಮ್ಮನದ್ದೇ. ನಮ್ಮಲ್ಲಿ ಆಗುವುದು ಬೇರೆ. ಗಂಡಸರು ಇದ್ದರೆ ಅವರೇ ಮುಂದೆ ಬಂದು ಹೇಳಿಬಿಡುತ್ತಾರೆ. ಅವರು ಗಲ್ಫಿನಲ್ಲೋ ಬೋಟಿನಲ್ಲೋ ಇದ್ದರೆ "ಮನೇಲಿ ಗಂಡಸ್ರಿಲ್ಲ, ಆಮೇಲೆ ಬನ್ನಿ" ಎಂಬ ಉತ್ತರ ಸಿದ್ಧ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಮುಸ್ಲಿಮರು ನೂರಕ್ಕೆ ಎಂಟು ಮಂದಿ. ಇಲ್ಲಿ ನೂರು ಜನರನ್ನು ಕೇಳಿದರೆ ನಮ್ಮವರು ಸಿಗುವುದು ಸುಮಾರು ಎಂಟು, ಅದರಲ್ಲಿ ಹೆಂಗಸರು ನಾಲ್ಕು. ಆ ನಾಲ್ಕು ಬಾಗಿಲು ಮುಚ್ಚಿದರೆ ಏನುಳಿಯಿತು?

2022ರ ಫೆಬ್ರವರಿಯಲ್ಲಿ ಹಿಜಾಬ್ ಹಾಕಿದ ಹೆಣ್ಣುಮಕ್ಕಳು ಕುಂದಾಪುರದ ಕಾಲೇಜು ಗೇಟಿನ ಹೊರಗೆ ನಿಂತಾಗ ದೇಶವೆಲ್ಲ ಅವರ ಬಗ್ಗೆ ಅಭಿಪ್ರಾಯ ಹೇಳಿತು. ಆ ಮಕ್ಕಳ ಉಮ್ಮಂದಿರು ಏನೆಂದರು ಎಂದು ಟಿವಿಯವರೂ ಕೇಳಲಿಲ್ಲ, ನಮ್ಮ ಜಮಾಅತ್‌ಗಳಲ್ಲಿ ಕೇಳಿದ್ದೂ ಕಡಿಮೆಯೇ.

ಅಳುಕು ಇರುವುದು ನಿಜ. ಸಿಎಎ, ಎನ್‌ಆರ್‌ಸಿ ಮಾತು ಎದ್ದಂದಿನಿಂದ ಕಾಗದ ಹಿಡಿದು ಬಂದವರನ್ನು ಕಂಡರೆ ನಮ್ಮವರಿಗೆ ಎದೆ ಢವಢವ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು ಭಾರತದಲ್ಲಿ ಸುಮಾರು 30 ಸಾವಿರ ಜನರನ್ನು 17 ಭಾಷೆಗಳಲ್ಲಿ ಮಾತಾಡಿಸಿದ್ದು ಅದೇ ಹೊತ್ತಿಗೆ, 2019ರ ನವೆಂಬರ್‌ನಿಂದ 2020ರ ಮಾರ್ಚ್‌ವರೆಗೆ. ಭಾರತೀಯರೆನ್ನಲು ಬಹಳ ಹೆಮ್ಮೆ ಎಂದ ಮುಸ್ಲಿಮರು ನೂರಕ್ಕೆ 95. ಮುಸ್ಲಿಮರಿಗೆ ಬಹಳ ತಾರತಮ್ಯವಾಗುತ್ತಿದೆ ಎಂದವರು 24 ಮಾತ್ರ. ಈ ಎರಡನೆಯ ಅಂಕಿಯನ್ನು ಹಿಡಿದು "ನೋಡಿ, ಅವರಿಗೇ ತೊಂದರೆ ಇಲ್ಲ" ಎನ್ನುವವರಿದ್ದಾರೆ. ಹೆದರಿ "ಎಲ್ಲ ಸರಿ ಇದೆ" ಎಂದು ಕಳಿಸಿದವರು ಅದರಲ್ಲಿ ಎಷ್ಟು ಮಂದಿ, ಅಂಕಿಗೆ ಗೊತ್ತಾಗುವುದಿಲ್ಲ. ಸಾಕ್ಷಿಯನ್ನು ಬಚ್ಚಿಡಬಾರದೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ನಾವು ಬಾಗಿಲಲ್ಲಿ ನಿಂತು ಬಚ್ಚಿಡುವುದು ಸರಿಯೇ?

ಫಲಿತಾಂಶ ಹೇಳುವ ಸಮೀಕ್ಷೆಯ ಮಾತು ಬೇರೆ. 2024ರ ಜೂನ್ 1ರ ಸಂಜೆ ಕೆಲವು ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 400 ಸೀಟು ಕೊಟ್ಟವು. ಅವತ್ತು ರಾತ್ರಿ ನಮ್ಮ ಎಷ್ಟೋ ಮನೆಗಳಲ್ಲಿ ಊಟ ಗಂಟಲಲ್ಲಿ ಇಳಿಯಲಿಲ್ಲ. 4ನೇ ತಾರೀಕಿಗೆ ಬಂದದ್ದು 293. ಗೈಬಿನ ಜ್ಞಾನ ಅಲ್ಲಾಹನಿಗೆ ಮಾತ್ರ ಎಂದು ಗೊತ್ತಿದ್ದೂ ಟಿವಿ ಗ್ರಾಫಿಗೆ ಹೆದರಿ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುವುದು ಯಾಕೆ? ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎನ್ನುವ ಹುಜುರಾತ್ ಸೂರಃದ ಆದೇಶ ಇದಕ್ಕೂ ಅನ್ವಯ.

2025ರ ಸೆಪ್ಟೆಂಬರ್‌ನಲ್ಲಿ ಶಿಕ್ಷಕರು ಮನೆಮನೆಗೆ ಬಂದು 60 ಪ್ರಶ್ನೆ ಕೇಳಿದ ಸರಕಾರದ ಸಮೀಕ್ಷೆಯನ್ನೂ ಇದನ್ನೂ ಒಂದೇ ಎಂದುಕೊಂಡವರಿದ್ದಾರೆ. ಅದು ಜಾತಿ, ಓದು, ಉದ್ಯೋಗದ ಲೆಕ್ಕ. ಅಭಿಪ್ರಾಯ ಸಮೀಕ್ಷೆಯಲ್ಲಿ ಬೇಕಾದದ್ದು ನಿಮ್ಮ ಮನಸ್ಸಿನ ಮಾತು. ಬಂದವರ ಗುರುತಿನ ಚೀಟಿ ನೋಡಿ, ಯಾವ ಸಂಸ್ಥೆ ಎಂದು ಕೇಳಿ. ಇಷ್ಟವಿಲ್ಲದ ಪ್ರಶ್ನೆ ಬಿಡಬಹುದು, ಓಟು ಯಾರಿಗೆಂದು ಹೇಳಲೇಬೇಕೆಂದೂ ಇಲ್ಲ. ಆಧಾರ್ ನಂಬರು, ಬ್ಯಾಂಕ್ ಖಾತೆ, ಒಟಿಪಿ ಕೇಳಿದರೆ ಅದು ಅಭಿಪ್ರಾಯ ಸಮೀಕ್ಷೆಯೇ ಅಲ್ಲ, ಅಲ್ಲಿಂದಲೇ ಕಳಿಸಿಬಿಡಿ. ಉಮ್ಮನಿಗೆ ಕನ್ನಡ ಅಷ್ಟಕ್ಕಷ್ಟೇ ಎಂದಾದರೆ ಮಗಳು ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಬ್ಯಾರಿಯಲ್ಲಿ ಹೇಳಲಿ, ಉತ್ತರ ಉಮ್ಮನದ್ದೇ ಇರಲಿ.