ಬೀರುವಿನಲ್ಲಿರೋ ಮದುವೆ ಡಿವಿಡಿ ಇನ್ನೆಷ್ಟು ದಿನ ಬಾಳುತ್ತೆ? ಡಿಸ್ಕ್‌ನಲ್ಲಿರೋದನ್ನ ಮೊಬೈಲ್‌ಗೆ ತರೋ ದಾರಿ

ತಂತ್ರಜ್ಞಾನ ಪಾಡ್‌ಕಾಸ್ಟ್ | ಸಂಚಿಕೆಯ ಬರಹ ರೂಪ

ಇವತ್ತಿನ ಸಂಚಿಕೆಯಲ್ಲಿ ಹೊಸ ಫೋನಿನ ಸುದ್ದಿ ಇಲ್ಲ, ಎಐ ಸುದ್ದೀನೂ ಇಲ್ಲ. ಇವತ್ತು ಮಾತಾಡ್ತಿರೋದು ಹಳೇ ಸಿ.ಡಿ., ಡಿವಿಡಿಗಳ ಬಗ್ಗೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹದಿನೈದು-ಇಪ್ಪತ್ತು ವರ್ಷದ ಹಿಂದೆ ಮದುವೆಯಾದವರ ಮನೆಯ ಬೀರು ತೆಗೆದು ನೋಡಿ. ರೇಷ್ಮೆ ಸೀರೆ, ಆಲ್ಬಮ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತೆ. ಅದರೊಳಗೆ ಮದುವೆ ಡಿವಿಡಿ. ಕೆಲವರ ಮನೇಲಿ ಊರ ಜಾತ್ರೇಲಿ ಆಡಿದ ‘ಕುರುಕ್ಷೇತ್ರ’ ನಾಟಕದ ಡಿಸ್ಕ್ ಕೂಡ ಇರುತ್ತೆ. ಅವತ್ತು ದುರ್ಯೋಧನನ ಪಾತ್ರ ಮಾಡಿದ ದೊಡ್ಡಪ್ಪ ಇವತ್ತು ಇಲ್ಲದೇ ಇರಬಹುದು. ಅವರ ದನಿ, ಅವರು ಗದೆ ಎತ್ತಿಕೊಂಡು ಬಂದ ಠೀವಿ ಉಳಿದಿರೋದು ಆ ಒಂದು ಡಿಸ್ಕ್‌ನಲ್ಲಿ ಮಾತ್ರ.

ತೊಂದರೆ ಏನಪ್ಪಾ ಅಂದ್ರೆ, ಅದನ್ನ ನೋಡೋಕೆ ಮನೇಲಿ ಪ್ಲೇಯರ್ ಇಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ. ಅದಕ್ಕಿಂತ ದೊಡ್ಡ ವಿಷಯ, ಆ ಡಿಸ್ಕ್ ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದರೂ ಕೆಡುತ್ತಾ ಇರುತ್ತೆ. ಹಾಗಾದ್ರೆ ಅದರಲ್ಲಿರೋದನ್ನ ಹೊರಗೆ ತೆಗೆಯೋದು ಹೇಗೆ? ಯಾವ ಸಾಫ್ಟ್‌ವೇರ್ ಬೇಕು? ಸಿನಿಮಾ ಡಿಸ್ಕ್‌ಗೂ ಇದನ್ನೇ ಮಾಡಬಹುದಾ, ಕಾನೂನು ಏನು ಹೇಳುತ್ತೆ? ಒಂದೊಂದಾಗಿ ನೋಡೋಣ.

ಮೊದಲು, ನಿಮ್ಮ ಕೈಲಿರೋದು ಯಾವ ಡಿಸ್ಕ್?

ನಮ್ಮಲ್ಲಿ ಎಲ್ಲದಕ್ಕೂ ‘ಸಿ.ಡಿ.’ ಅಂತಲೇ ಹೇಳೋ ರೂಢಿ. ಆದರೆ ಇದರಲ್ಲಿ ಎರಡು ಜಾತಿ ಇದೆ.

ಒಂದು ವಿಸಿಡಿ. 1993ರಲ್ಲಿ ಬಂದ ಮಾದರಿ ಇದು. ಒಂದು ಡಿಸ್ಕ್‌ನಲ್ಲಿ ಸುಮಾರು 74 ನಿಮಿಷದ ವಿಡಿಯೊ ಹಿಡಿಯುತ್ತೆ. ಅದಕ್ಕೇ ಎರಡೂವರೆ ಗಂಟೆ ಸಿನಿಮಾಗೆ ಎರಡು ಮೂರು ಡಿಸ್ಕ್ ಇರ್ತಿತ್ತು, ಮಧ್ಯದಲ್ಲಿ ಎದ್ದು ಬದಲಾಯಿಸಬೇಕಿತ್ತು. ನಮ್ಮ ದೇಶದ ವಿಸಿಡಿಯಲ್ಲಿ ಚಿತ್ರದ ಅಳತೆ 352×288 ಪಿಕ್ಸೆಲ್. ಇವತ್ತಿನ ಫುಲ್ ಎಚ್‌ಡಿ ಚಿತ್ರದಲ್ಲಿರೋ ಪಿಕ್ಸೆಲ್‌ಗಳಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಅಷ್ಟೇ.

ಇನ್ನೊಂದು ಡಿವಿಡಿ. ಒಂದು ಪದರದ್ದಾದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಚಿತ್ರದ ಅಳತೆ 720×576, ಅಂದ್ರೆ ವಿಸಿಡಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನ 28 ರೂಪಾಯಿಗೆ, ಡಿವಿಡಿಯನ್ನ 34 ರೂಪಾಯಿಗೆ ಮಾರೋಕೆ ಶುರು ಮಾಡಿದ ಮೇಲೆ ಡಿಸ್ಕ್‌ಗಳು ಸಣ್ಣ ಊರುಗಳ ಅಂಗಡಿಗೂ ರಾಶಿ ರಾಶಿ ಬಂದವು. ಅದೇ ಕಂಪನಿಯನ್ನ ಮುಚ್ಚಿ ಆಸ್ತಿ ಮಾರೋಕೆ 2018ರಲ್ಲಿ ಎನ್‌ಸಿಎಲ್‌ಟಿ ಆದೇಶ ಆಯ್ತು. ಹನ್ನೊಂದೇ ವರ್ಷದಲ್ಲಿ ಆ ಕಾಲ ಮುಗಿದುಹೋಯ್ತು.

ಕಂಪ್ಯೂಟರ್‌ಗೆ ಹಾಕಿದಾಗ ಗುರುತು ಹಿಡಿಯೋದು ಸುಲಭ. ಒಳಗೆ ‘ಎಂಪಿಇಜಿಎವಿ’ ಅನ್ನೋ ಫೋಲ್ಡರ್ ಕಂಡರೆ ವಿಸಿಡಿ. ‘ವಿಡಿಯೊ ಟಿಎಸ್’ ಅನ್ನೋ ಫೋಲ್ಡರ್ ಕಂಡರೆ ಡಿವಿಡಿ.

ಯಾಕೆ ಈಗಲೇ?

ಸಿನಿಮಾ ಡಿಸ್ಕ್‌ಗಳನ್ನ ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡ್ತಾರೆ. ಮದುವೆ, ನಾಟಕದ ಡಿಸ್ಕ್‌ಗಳು ಹಾಗಲ್ಲ. ಸ್ಟುಡಿಯೊದವರು ಖಾಲಿ ಡಿಸ್ಕ್ ತಂದು ಕಂಪ್ಯೂಟರ್‌ನಲ್ಲಿ ‘ರೈಟ್’ ಮಾಡಿ ಕೊಟ್ಟಿರೋದು. ಅದರೊಳಗೆ ಒಂದು ಬಣ್ಣದ ಪದರ ಇರುತ್ತೆ, ಲೇಸರ್ ಆ ಬಣ್ಣದ ಮೇಲೆ ಗುರುತು ಹಾಕುತ್ತೆ. ಬಿಸಿಲು, ಶಾಖ, ತೇವ ತಾಗಿದಷ್ಟೂ ಆ ಬಣ್ಣ ಬೇಗ ಕೆಡುತ್ತೆ. ಅಂದ್ರೆ ಅಂಗಡೀಲಿ ಕೊಂಡ ಸಿನಿಮಾ ಡಿಸ್ಕ್ ಚೆನ್ನಾಗಿದ್ದು, ನಿಮ್ಮ ಮದುವೆ ಡಿಸ್ಕೇ ಮೊದಲು ಕೈಕೊಡೋ ಸಾಧ್ಯತೆ ಜಾಸ್ತಿ. ಸಿನಿಮಾ ಇನ್ನೆಲ್ಲಾದರೂ ಸಿಗುತ್ತೆ. ಮದುವೆ ವಿಡಿಯೊ ಸಿಗಲ್ಲ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹುಳು ಸಾಕೋ ಮನೇಲಿ ತೇವ ಕಮ್ಮಿಯಾಗದ ಹಾಗೆ ನೋಡಿಕೊಳ್ತಾರಲ್ಲ, ಹುಳುವಿಗೆ ಬೇಕಾದ ಆ ತೇವವೇ ಡಿಸ್ಕ್‌ಗೆ ಶತ್ರು. ಡಿಸ್ಕ್‌ಗೆ ಬೇಕಾಗಿರೋದು ಒಣ, ತಂಪು, ಕತ್ತಲ ಜಾಗ.

ಇಡೀ ಕನ್ನಡ ಚಿತ್ರರಂಗಕ್ಕೇ ಇಂಥ ಒಂದು ನಷ್ಟ ಆಗಿದೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಿಡುಗಡೆಯಾಗಿದ್ದು 1934ರಲ್ಲಿ. ಇವತ್ತು ನೋಡೋಣ ಅಂದ್ರೆ ಅದರ ಒಂದು ಪ್ರತಿಯೂ ಇಲ್ಲ. ಮನೆ ವಿಡಿಯೊಗಳ ಕಥೆಯೂ ಅದೇ: ಪ್ರತಿ ಒಂದೇ ಇದ್ದರೆ, ಅದು ಹೋದ ದಿನವೇ ಎಲ್ಲಾ ಹೋದ ಹಾಗೆ.

ಏನೇನು ಬೇಕು?

ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್. ಅದರಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕೋ ಹೊರಗಿನ ಡಿವಿಡಿ ಡ್ರೈವ್. ಒಂದೆರಡು ಉಚಿತ ಸಾಫ್ಟ್‌ವೇರ್. ಸ್ವಲ್ಪ ತಾಳ್ಮೆ. ಇಷ್ಟೇ.

ಡಿಸ್ಕ್ ಹಾಕೋ ಮೊದಲು ಒರೆಸಿ. ಮೆತ್ತಗಿನ ಒಣ ಬಟ್ಟೆ ತಗೊಂಡು ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ತಟ್ಟೆ ಒರೆಸಿದ ಹಾಗೆ ಸುತ್ತಲೂ ಒರೆಸಬಾರದು. ಯಾಕಂದ್ರೆ ಮಾಹಿತಿ ಇರೋದು ಸುರುಳಿಯಾಗಿ. ಸುತ್ತ ಗೀರು ಬಿದ್ದರೆ ಒಂದೇ ಜಾಗದಲ್ಲಿ ತುಂಬಾ ಮಾಹಿತಿ ಹಾಳಾಗುತ್ತೆ. ಅಡ್ಡಡ್ಡ ಗೀರಾದರೆ ಡ್ರೈವ್ ಹೇಗೋ ಸಂಭಾಳಿಸಿಕೊಳ್ಳುತ್ತೆ.

ವಿಸಿಡಿ ಆದ್ರೆ ಹೀಗೆ ಮಾಡಿ

ಎಂಪಿಇಜಿಎವಿ ಫೋಲ್ಡರ್ ಒಳಗೆ ‘ಡಿಎಟಿ’ ಅಂತ ಕೊನೆಯಾಗೋ ದೊಡ್ಡ ಫೈಲ್ ಇರುತ್ತೆ. ವಿಡಿಯೊ ಅದೇ. ನಿಮಿಷಕ್ಕೆ ಸುಮಾರು 10 ಎಂಬಿ ಲೆಕ್ಕ. ಅದನ್ನ ಹಾಗೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ನೇರವಾಗಿ ಓಡುತ್ತೆ.

ಕಾಪಿ ಆಗೋವಾಗ ಮಧ್ಯದಲ್ಲಿ ‘ಎರರ್’ ಅಂತ ನಿಂತರೆ ಅದಕ್ಕೂ ಕಾರಣ ಇದೆ. ಸಾಮಾನ್ಯ ಡೇಟಾ ಸಿ.ಡಿ.ಯಲ್ಲಿ ತಪ್ಪು ಸರಿಪಡಿಸಿಕೊಳ್ಳೋಕೆ ಅಂತಲೇ ಒಂದಷ್ಟು ಹೆಚ್ಚುವರಿ ಮಾಹಿತಿ ಇಟ್ಟಿರ್ತಾರೆ. ವಿಸಿಡಿಯಲ್ಲಿ ವಿಡಿಯೊಗೆ ಜಾಗ ಸಾಲಲಿ ಅಂತ ಆ ಹೆಚ್ಚುವರಿ ಪದರವನ್ನ ಬಿಟ್ಟಿದ್ದಾರೆ. ಅದಕ್ಕೇ ಸಣ್ಣ ಗೀರಿಗೂ ಪರದೆ ಮೇಲೆ ಚೌಕ ಚೌಕ ಬರೋದು. ಹೀಗೆ ನಿಂತಾಗ ಐಸೊಬಸ್ಟರ್‌ನಂಥ ಸಾಫ್ಟ್‌ವೇರ್ ಬಳಸಿದರೆ, ಕೆಟ್ಟ ಜಾಗ ಬಿಟ್ಟು ಉಳಿದಿದ್ದನ್ನ ತೆಗೆದುಕೊಡುತ್ತೆ.

ಇಲ್ಲೊಂದು ಮಾತು. ವಿಸಿಡಿ ವಿಡಿಯೊವನ್ನ ‘1080ಪಿಗೆ ಮಾಡಿಕೊಡ್ತೀವಿ’ ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. ಫೈಲ್ ದೊಡ್ಡದಾಗುತ್ತೆ, ಇಲ್ಲದ ವಿವರ ಎಲ್ಲಿಂದಲೂ ಬರಲ್ಲ. ಹಾಲಿಗೆ ನೀರು ಹಾಕಿದರೆ ಲೋಟ ತುಂಬುತ್ತೆ, ಹಾಲು ಜಾಸ್ತಿ ಆಗಲ್ಲ.

ಡಿವಿಡಿ ಆದ್ರೆ ಎರಡು ಹೆಜ್ಜೆ

ಡಿವಿಡಿಯಲ್ಲಿ ವಿಡಿಯೊ ‘ವಿಒಬಿ’ ಅನ್ನೋ ಫೈಲ್‌ಗಳಲ್ಲಿ ಇರುತ್ತೆ. ಒಂದೊಂದೂ 1 ಜಿಬಿ ದಾಟದ ಹಾಗೆ ತುಂಡು ಮಾಡಿರ್ತಾರೆ. ಯಾವ ತುಂಡಿನ ನಂತರ ಯಾವುದು, ಮೆನು ಎಲ್ಲಿ, ಮುಖ್ಯ ಚಿತ್ರ ಎಲ್ಲಿ ಅನ್ನೋ ಲೆಕ್ಕ ಪಕ್ಕದ ‘ಐಎಫ್‌ಒ’ ಫೈಲ್‌ಗಳಲ್ಲಿ ಇರುತ್ತೆ. ಬರೀ ವಿಒಬಿ ಫೈಲ್ ಕಾಪಿ ಮಾಡಿದರೆ ತುಂಡು ತುಂಡಾಗಿ ಓಡೋದು, ಸಮಯ ತಪ್ಪು ತೋರಿಸೋದು ಇದಕ್ಕೇ.

ಮೊದಲ ಹೆಜ್ಜೆ: ಇಡೀ ಡಿಸ್ಕ್‌ನ ತದ್ರೂಪು ತೆಗೆಯೋದು. ಇದಕ್ಕೆ ‘ಐಎಸ್‌ಒ ಇಮೇಜ್’ ಅಂತಾರೆ. ಇಮ್ಗ್‌ಬರ್ನ್ ಅನ್ನೋ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತೆ. ಡಿಸ್ಕ್‌ನಲ್ಲಿದ್ದ ಮೆನು, ಅಧ್ಯಾಯ ಎಲ್ಲಾ ಒಂದೇ ಫೈಲ್‌ನಲ್ಲಿ ಉಳಿಯುತ್ತೆ, ವಿಎಲ್‌ಸಿಯಲ್ಲಿ ಓಡುತ್ತೆ. ಇದು ನಿಮ್ಮ ಮೂಲ ಪ್ರತಿ, ಇದನ್ನ ಅಳಿಸಬೇಡಿ. ಮೆನು ಬೇಡ, ವಿಡಿಯೊ ಮಾತ್ರ ಗುಣಮಟ್ಟ ಕೆಡದೆ ಬೇಕು ಅನ್ನೋರಿಗೆ ಮೇಕ್‌ಎಂಕೆವಿ ಇದೆ. ಐಎಫ್‌ಒ ಲೆಕ್ಕ ನೋಡಿ ತುಂಡುಗಳನ್ನ ಸರಿಯಾಗಿ ಜೋಡಿಸಿ ಒಂದೇ ಎಂಕೆವಿ ಫೈಲ್ ಮಾಡಿಕೊಡುತ್ತೆ. ಡಿವಿಡಿಗೆ ಇದು ಉಚಿತ.

ಎರಡನೇ ಹೆಜ್ಜೆ: ಫೋನ್‌ನಲ್ಲಿ ನೋಡೋ ಹಾಗೆ ಮಾಡೋದು. ಡಿವಿಡಿಯಲ್ಲಿರೋದು ಎಂಪೆಗ್-2 ಅನ್ನೋ ಹಳೇ ಮಾದರಿ, ಎಷ್ಟೋ ಫೋನ್‌ಗಳಲ್ಲಿ ನೇರವಾಗಿ ಓಡಲ್ಲ. ಅದನ್ನ ಎಚ್.264 ಮಾದರಿಯ ಎಂಪಿ4 ಫೈಲ್ ಮಾಡಬೇಕು. ಇದಕ್ಕೆ ಹೆಸರಾಗಿರೋದು ಹ್ಯಾಂಡ್‌ಬ್ರೇಕ್. 2003ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ. ಅದರದೇ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ‘ಫ್ರೀ ಡಿವಿಡಿ ಕನ್ವರ್ಟರ್’ ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನ ಹಾಕಿಕೊಂಡರೆ, ಅರ್ಧ ವಿಡಿಯೊಗೆ ನಿಂತು ದುಡ್ಡು ಕೇಳೋ ಸಾಫ್ಟ್‌ವೇರ್ ಆಗಿರಬಹುದು, ಜೊತೆಗೆ ವೈರಸ್ಸೂ ಬರಬಹುದು.

ಹ್ಯಾಂಡ್‌ಬ್ರೇಕ್‌ನಲ್ಲಿ ಮೊದಲ ಹೆಜ್ಜೆಯ ಫೈಲ್ ತೆರೆದು ಮೂರು ವಿಷಯ ನೋಡಿಕೊಂಡರೆ ಸಾಕು. ಒಂದು, ಟೈಟಲ್ ಪಟ್ಟಿಯಲ್ಲಿ ಅತಿ ಉದ್ದದ್ದನ್ನ ಆರಿಸಿ. ಎರಡು, ಪ್ರಿಸೆಟ್‌ನಲ್ಲಿ 576ಪಿ ಇಟ್ಟುಕೊಂಡು, ಆರ್‌ಎಫ್ ಅನ್ನೋ ಗುಣಮಟ್ಟದ ಅಂಕಿಯನ್ನ 18ರಿಂದ 22ರ ಒಳಗೆ ಇಡಿ. ಇಲ್ಲಿ ಅಂಕಿ ಕಮ್ಮಿಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲ್ ದೊಡ್ಡದು. ಮೂರು, ಡಿಇಂಟರ್‌ಲೇಸ್. ಆಗಿನ ಮದುವೆ ಕ್ಯಾಮೆರಾಗಳು ಒಂದು ಚಿತ್ರವನ್ನ ಸಾಲು ಬಿಟ್ಟು ಸಾಲು ಎರಡು ಸಲ ಹಿಡೀತಿದ್ದವು. ಹಳೇ ದಪ್ಪ ಟೀವಿಯಲ್ಲಿ ಗೊತ್ತಾಗ್ತಿರಲಿಲ್ಲ. ಫೋನ್‌ನಲ್ಲಿ ಮಾತ್ರ, ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುತ್ತೆ. ಹಾಗೆ ಕಂಡರೆ ಫಿಲ್ಟರ್ಸ್ ವಿಭಾಗದಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಮೂರು ಗಂಟೆ ವಿಡಿಯೊ ಪೂರ್ತಿ ಓಡಿಸೋ ಮೊದಲು ಪ್ರಿವ್ಯೂನಲ್ಲಿ ಅರ್ಧ ನಿಮಿಷ ನೋಡಿಕೊಳ್ಳಿ.

ಡಿಸ್ಕ್ ಓದ್ತಾನೇ ಇಲ್ಲ ಅಂದ್ರೆ?

ಮೊದಲು ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಜಾಗವನ್ನ ಇನ್ನೊಂದು ಓದಿಬಿಡುತ್ತೆ. ಲಿನಕ್ಸ್ ಗೊತ್ತಿರೋ ಹುಡುಗರು ಮನೇಲಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂ ಬಳಸೋಕೆ ಹೇಳಿ. ಅದು ಚೆನ್ನಾಗಿರೋ ಭಾಗ ಮೊದಲು ಓದಿಕೊಂಡು, ಓದೋಕಾಗದ ಜಾಗದ ಪಟ್ಟಿ ಇಟ್ಟುಕೊಳ್ಳುತ್ತೆ. ಆಮೇಲೆ ಡಿಸ್ಕನ್ನ ಬೇರೆ ಡ್ರೈವ್‌ಗೆ ಹಾಕಿದರೆ ಆ ಜಾಗಗಳನ್ನ ಮಾತ್ರ ಮತ್ತೆ ಪ್ರಯತ್ನಿಸುತ್ತೆ. ಇದು ಡಿವಿಡಿಗೆ ಒಳ್ಳೇ ಉಪಾಯ.

ಗೀರು ಯಾವ ಕಡೆ ಇದೆ ಅಂತಲೂ ನೋಡಿ. ವಿಸಿಡಿಯಲ್ಲಿ ಮಾಹಿತಿಯ ಪದರ ಇರೋದು ಹೆಸರು ಬರೆಯೋ ಮೇಲ್ಭಾಗಕ್ಕೆ ಅಂಟಿಕೊಂಡು. ಕೆಳಗಿನ ಹೊಳೆಯೋ ಕಡೆ ಗೀರು ಬಿದ್ದರೆ ಪಾಲಿಶ್ ಮಾಡಿ ಸರಿಮಾಡಬಹುದು, ಮೇಲ್ಭಾಗ ಕಿತ್ತುಬಂದರೆ ಆ ಮಾಹಿತಿ ಹೋಯ್ತು ಅಂತಲೇ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರೋದರಿಂದ ಸ್ವಲ್ಪ ಕ್ಷೇಮ. ಇಷ್ಟೆಲ್ಲಾ ಮಾಡೋ ಮೊದಲು ಸ್ಟುಡಿಯೊದವರನ್ನ ಒಂದು ಮಾತು ಕೇಳಿ. ಅವರ ಹತ್ತಿರ ಮೂಲ ಕ್ಯಾಸೆಟ್ ಉಳಿದಿದ್ದರೆ ಅದು ಚಿನ್ನ. ಯಾಕಂದ್ರೆ ಎಡಿಟ್ ಮಾಡಿದ ಡಿವಿಡಿಯಲ್ಲಿ ಸಿನಿಮಾ ಹಾಡು ಹಾಕಿ, ಓಲಗದ ಸದ್ದು, ಅಜ್ಜಿಯ ಮಾತು ಎಲ್ಲಾ ಅಳಿಸಿರ್ತಾರೆ. ಕ್ಯಾಸೆಟ್‌ನಲ್ಲಿ ಅವು ಹಾಗೇ ಇರುತ್ತವೆ.

ಕಾನೂನು ಏನು ಹೇಳುತ್ತೆ?

ಮದುವೆ ವಿಡಿಯೊ ವಿಷಯದಲ್ಲಿ ಭಯ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಮಾಡಿಸಿದ ವಿಡಿಯೊದ ಮೊದಲ ಹಕ್ಕುದಾರರು ಮಾಡಿಸಿದವರೇ. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಬೇರೆ ಮಾತು.

ಸಿನಿಮಾ ಡಿಸ್ಕ್‌ನ ಲೆಕ್ಕ ಬೇರೆ. ಎಷ್ಟೋ ಸಿನಿಮಾ ಡಿವಿಡಿಗಳಿಗೆ ಸಿಎಸ್‌ಎಸ್ ಅನ್ನೋ ಬೀಗ ಇರುತ್ತೆ. 1999ರಲ್ಲಿ ಡಿಸಿಎಸ್‌ಎಸ್ ಅನ್ನೋ ಸಣ್ಣ ತಂತ್ರಾಂಶ ಈ ಬೀಗ ತೆಗೆಯಿತು. ಅದರಲ್ಲಿ ಕೈಜೋಡಿಸಿದ್ದ ನಾರ್ವೆಯ ಹುಡುಗ ಜಾನ್ ಲೆಕ್ ಜೊಹಾನ್ಸನ್ ಮೇಲೆ ಕೇಸ್ ಆಯ್ತು. ತಾನು ಕೊಂಡ ಡಿಸ್ಕನ್ನ ತಾನು ನೋಡೋದು ತಪ್ಪಲ್ಲ ಅಂತ 2003ರಲ್ಲಿ ಅಲ್ಲಿನ ಕೋರ್ಟ್‌ಗಳು ಆತನನ್ನ ಬಿಟ್ಟವು. ಹ್ಯಾಂಡ್‌ಬ್ರೇಕ್ ತಾನಾಗಿ ಈ ಬೀಗ ತೆಗೆಯಲ್ಲ.

ನಮ್ಮಲ್ಲಿ 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಇದೆ. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ‘ಉದ್ದೇಶ’ ಅನ್ನೋ ಪದ ಇಲ್ಲಿ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಮಾಡಿದರೆ ಈ ಸೆಕ್ಷನ್ ಅಡ್ಡ ಬರಲ್ಲ. ಖಾಸಗಿ, ಸ್ವಂತ ಬಳಕೆಯ ನ್ಯಾಯಯುತ ಉಪಯೋಗಕ್ಕೆ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಅಂಗಡಿಯವರು ಗಮನಿಸಬೇಕಾದ್ದು ಒಂದಿದೆ: ಬೇರೆಯವರಿಗಾಗಿ ಬೀಗ ತೆಗೆಯಲು ನೆರವಾದರೆ, ಅವರ ಹೆಸರು, ವಿಳಾಸ, ಕಾರಣವನ್ನ ದಾಖಲೆ ಮಾಡಿ ಇಟ್ಟುಕೊಳ್ಳಬೇಕು ಅಂತ 65ಎ ಸೆಕ್ಷನ್ ಹೇಳುತ್ತೆ.

ಕೊಂಡ ಡಿಸ್ಕ್‌ನ ಸಿನಿಮಾವನ್ನ ಪೆನ್‌ಡ್ರೈವ್‌ಗೆ ಹಾಕಿ ಮಾರೋದು, ಗ್ರೂಪ್‌ಗಳಲ್ಲಿ ಹಂಚೋದು ಮಾತ್ರ ಪೈರಸಿ. 63ನೇ ಸೆಕ್ಷನ್‌ನಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಹೆಸರಿನಲ್ಲೇ ‘ವಿಡಿಯೊ ಅಥವಾ ಆಡಿಯೊ ಪೈರೇಟ್’ಗಳು ಸೇರಿದ್ದಾರೆ. ಇದು ಕಾಯ್ದೆಯ ಸಾರ ಅಷ್ಟೇ, ನಿಮ್ಮ ಪ್ರಕರಣಕ್ಕೆ ವಕೀಲರ ಮಾತೇ ಮಾತು.

ತೆಗೆದ ಮೇಲೆ ಎಲ್ಲಿಡೋದು?

ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟು ಬೀರುವಿಗೆ ಹಾಕಿದರೆ, ಡಿಸ್ಕ್ ಹೋಗಿ ಪೆನ್‌ಡ್ರೈವ್ ಬಂತು, ಅಷ್ಟೇ. ಕಮ್ಮಿ ಅಂದ್ರೂ ಎರಡು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿರಲಿ. ಗೌರಿಬಿದನೂರಿನ ಮನೇಲಿ ಒಂದು, ಬೆಂಗಳೂರಿನಲ್ಲಿರೋ ಮಗಳ ಹತ್ತಿರ ಒಂದು. ಫೈಲ್‌ಗೆ ಹೆಸರು ಇಡೋವಾಗ ಯಾರ ಮದುವೆ, ಯಾವ ಊರು, ಯಾವ ವರ್ಷ ಅಂತ ಬರೆಯಿರಿ.

ವಾಟ್ಸ್ಆ್ಯಪ್‌ನಲ್ಲಿ ಕಳಿಸೋದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, 2 ಜಿಬಿವರೆಗೆ ಹೋಗುತ್ತೆ. ವಿಡಿಯೊ ಆಗಿ ಕಳಿಸಿದರೆ ಹಿಂಡಿ ಹಿಪ್ಪೆ ಮಾಡಿಬಿಡುತ್ತೆ. ಯೂಟ್ಯೂಬ್‌ಗೆ ಹಾಕಿದರೆ ಹಿನ್ನೆಲೆಯ ಕನ್ನಡ, ತೆಲುಗು ಸಿನಿಮಾ ಹಾಡುಗಳಿಂದ ಹಕ್ಕಿನ ತಕರಾರು ಬಂದು ಧ್ವನಿ ನಿಲ್ಲಬಹುದು. ಹಾಗಾಗಿ ಅದೊಂದನ್ನೇ ನಂಬಬೇಡಿ. ಹೊಸ ಫೈಲನ್ನ ಮೊದಲಿಂದ ಕೊನೇವರೆಗೆ ಒಂದು ಸಲ ನೋಡೋವರೆಗೂ ಹಳೇ ಡಿಸ್ಕ್ ಬಿಸಾಡಬೇಡಿ.

ಯಾವುದರಿಂದ ಶುರು ಮಾಡೋದು ಅಂತ ಗೊಂದಲ ಇದ್ದರೆ, ಈಗ ನಮ್ಮ ಜೊತೆ ಇಲ್ಲದವರು ಇರೋ ಡಿಸ್ಕ್ ಮೊದಲು, ಸಿನಿಮಾ ಕೊನೆಗೆ. ಭಾನುವಾರ ಒಂದು ಡಿಸ್ಕ್ ಅಂದುಕೊಂಡರೂ ಯುಗಾದಿಯಿಂದ ದೀಪಾವಳಿ ಹೊತ್ತಿಗೆ ಇಡೀ ಡಬ್ಬಿ ಖಾಲಿಯಾಗುತ್ತೆ.