ಗುಜರಿ ತಕ್ಕಡಿಗೆ ಹಾಕುವ ಮೊದಲು ತಿರುಗಿಸಿ ನೋಡಿ

ಮಳೆ ಕೈಕೊಟ್ಟ ವರ್ಷ ನಮ್ಮ ಬಯಲುಸೀಮೆಯ ಊರುಗಳಿಗೆ ಗುಜರಿ ಗಾಡಿ ಜಾಸ್ತಿ ಬರುತ್ತದೆ. ದನ ಮಾರಲು ಮನಸ್ಸಾಗುವುದಿಲ್ಲ, ಒಡವೆ ಆಗಲೇ ಅಡವಿಗೆ ಹೋಗಿರುತ್ತದೆ. ಉಳಿದದ್ದು ಅಟ್ಟದ ಮೇಲಿನ ಹಿತ್ತಾಳೆ, ತಾಮ್ರ. ಅಜ್ಜಿ ತವರಿನಿಂದ ತಂದ ಹಂಡೆ ಹತ್ತು ನಿಮಿಷದಲ್ಲಿ ತಕ್ಕಡಿ ಏರಿ ಗಾಡಿಯೊಳಗೆ ಬೀಳುತ್ತದೆ.

ನನ್ನದು ನಾಲ್ಕೂವರೆ ಎಕರೆ ಮಳೆ ಆಶ್ರಯದ ಹೊಲ. ಶೇಂಗಾ, ರಾಗಿ, ಸಾಲಿಗೊಂದಿಷ್ಟು ತೊಗರಿ. ಸುಮಾರು ಹದಿನೈದು ವರ್ಷದಿಂದ ಸಂತೆಗೆ ಹೋದಾಗೆಲ್ಲ ಹಳೆ ಸಾಮಾನು ಹರವಿಕೊಂಡು ಕೂತವರ ಹತ್ತಿರ ಒಂದು ಸುತ್ತು ಹಾಕುವುದು ನನಗೆ ರೂಢಿ. ಈಗ ಮನೆಯಲ್ಲಿ ಮೂವತ್ತು ಚಿಲ್ಲರೆ ಹಳೆ ಪಾತ್ರೆಗಳಿವೆ. ಮುಕ್ಕಾಲು ಪಾಲು ದಿನಾ ಬಳಕೆಯಲ್ಲಿವೆ. ಇದನ್ನು ನೋಡಿ ಊರವರು "ಏನಪ್ಪಾ, ಗುಜರಿ ಅಂಗಡಿ ಇಡ್ತೀಯಾ?" ಅಂತ ನಗುತ್ತಿದ್ದರು. ಈಗ ಅವರೇ ಮಾರುವ ಮೊದಲು ಪಾತ್ರೆ ತಂದು ತೋರಿಸುತ್ತಾರೆ.

ತೂಕಕ್ಕೆ ಕೊಡುವವರು, ಬಿಡಿಯಾಗಿ ಮಾರುವವರು

ಗುಜರಿಯವನು ಕೊಡುವುದು ಲೋಹದ ಬೆಲೆ ಮಾತ್ರ. ಅದರಲ್ಲೂ ಮಸಿ, ಕಿಲುಬು, ತೇಪೆ ಅಂತ ಒಂದಿಷ್ಟು ಮುರಿದುಕೊಳ್ಳುತ್ತಾನೆ. ಅದೇ ಪಾತ್ರೆ ಪೇಟೆಯ ಅಂಗಡಿಗೆ ಹೋದರೆ ಬಿಡಿಯಾಗಿ ಮಾರಾಟವಾಗುತ್ತದೆ. ಆಗ ಅದಕ್ಕೆ ಆಕಾರದ ಬೆಲೆ, ಕೆಲಸದ ಬೆಲೆ, ವಯಸ್ಸಿನ ಬೆಲೆ ಎಲ್ಲ ಸೇರುತ್ತದೆ. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರ್ ಮನೆಗಳಿಂದ ಬಂದ ಹಳೆ ಸಾಮಾನು ಮಾರುವ ಅಂಗಡಿಗಳು ಸಾಲಾಗಿವೆ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಸಂತೆಯಲ್ಲೂ ಹಳೆ ಚೊಂಬು, ತಟ್ಟೆ, ಬೀಗ, ದೀಪ ಹುಡುಕುವ ಜನ ಇದ್ದಾರೆ. ನಮ್ಮ ಅಟ್ಟದ ಸಾಮಾನಿಗೆ ಗಿರಾಕಿ ಇದ್ದಾನೆ ಅನ್ನೋದು ನಮಗೆ ಗೊತ್ತಿಲ್ಲದೆ ಹೋದರೆ ಲಾಭವೆಲ್ಲ ನಡುವಿನವರದ್ದೇ.

ಲೋಹ ತಿಳಿಯುವುದು ಹೇಗೆ?

ನನ್ನ ಹತ್ತಿರ ಹಳೆ ರೇಡಿಯೋ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ಒಂದಿದೆ. ಸಂತೆಗೆ ಹೋಗುವಾಗ ಜೇಬಿನಲ್ಲಿರುತ್ತದೆ. ತಾಮ್ರ, ಹಿತ್ತಾಳೆ, ಕಂಚು ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಬಣ್ಣ.

ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಎರಡೂ ಹಳದಿ ಬಣ್ಣ, ಕಣ್ಣಿಗೆ ಮೋಸವಾಗುತ್ತದೆ. ಕಿವಿ ಕೊಡಿ. ಕಂಚಿನ ತಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು ಉಗುರಿನಿಂದ ತಟ್ಟಿದರೆ ಗಂಟೆಯಂತೆ ನಾದ ಎಳೆಯುತ್ತದೆ. ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ಸೀಳು ಬಿಟ್ಟ ಕಂಚು ಬೊಡ್ಡು ಸದ್ದು ಮಾಡುತ್ತದೆ, ಬೇಡ. ಕಂಚು ಗಟ್ಟಿ, ಆದರೆ ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಒಡೆದೇ ಹೋಗುತ್ತದೆ.

ನಿಜವಾದ ಹಳತು ಯಾವುದು?

ಪಾತ್ರೆ ಮಗುಚಿ ತಳ ನೋಡಿ. ನೂರಾರು ಸಲ ಒಲೆ ಏರಿ, ಬೂದಿ-ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡ ಪಾತ್ರೆಯ ತಳ, ಅಂಚು ಮತ್ತು ಕೈ ಹಿಡಿಯುವ ಜಾಗ ಮಾತ್ರ ನಯವಾಗಿ ಸವೆದಿರುತ್ತದೆ. ಮಣ್ಣಲ್ಲಿ ಹೂತು ಇಲ್ಲವೇ ಆಸಿಡ್ ಹಾಕಿ ಹಳತು ಮಾಡಿದ್ದಾದರೆ ಒಳಗೆ ಹೊರಗೆ ಎಲ್ಲ ಒಂದೇ ಸಮ ಕಪ್ಪಾಗಿರುತ್ತದೆ. ಹಳೆ ಹಂಡೆ, ಕೊಪ್ಪರಿಗೆಗಳಲ್ಲಿ ತಗಡಿನ ಅಂಚನ್ನು ಹಲ್ಲು ಹಲ್ಲಾಗಿ ಕೂಡಿಸಿದ ಬೆಸುಗೆ ಕಾಣುತ್ತದೆ. ಸುತ್ತಿಗೆ ಏಟಿನ ಗುರುತು ಬೆರಳಿಗೆ ಸಿಗುತ್ತದೆ.

ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿದೆಯೇ ನೋಡಿ. ಮದುವೆಗೆ ಮುಯ್ಯಿ ಮಾಡಿದವರ ಹೆಸರು, ಊರು, ಕೆಲವದರಲ್ಲಿ ಇಸವಿಯೂ ಇರುತ್ತದೆ. ಹೆಸರಿದ್ದರೆ ಬೆಲೆ ಕಮ್ಮಿ ಅಂತ ಗುಜರಿಯವರು ಹೇಳುತ್ತಾರೆ. ಹಳೆ ಸಾಮಾನು ಬಲ್ಲವರಿಗೆ ಅದೇ ಪಾತ್ರೆಯ ಜಾತಕ. ಉಜ್ಜಿ ಅಳಿಸಬೇಡಿ.

ಹಳೆ ಪಾವು, ಸೇರು, ಬಳ್ಳ, ಕೊಳಗ ಸಿಕ್ಕರೂ ಬಿಡಬೇಡಿ. 1956ರ ತೂಕ-ಅಳತೆ ಕಾಯಿದೆ ಬಂದು ಕಿಲೋ, ಲೀಟರ್ ಜಾರಿಯಾದ ಮೇಲೆ ಅವು ವ್ಯಾಪಾರಕ್ಕೆ ಬೇಡವಾದವು. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಗೆ ಸರಿಬರುತ್ತಿರಲಿಲ್ಲ. ಹಾಗಾಗಿ ಒಂದೊಂದು ಅಳತೆಯೂ ಒಂದೊಂದು ಊರಿನ ಲೆಕ್ಕ.

ಕೊಂಡ ಮೇಲೆ ಬಳಸಿ

ತಾಮ್ರ, ಹಿತ್ತಾಳೆಯಲ್ಲಿ ಅಡುಗೆ ಮಾಡಬೇಕಾದರೆ ಕಲಾಯಿ ಇರಲೇಬೇಕು. ಇಲ್ಲದಿದ್ದರೆ ಹುಳಿ, ಮಜ್ಜಿಗೆ ಕಿಲುಬೇರುತ್ತದೆ, ಹೊಟ್ಟೆ ಕೆಡುತ್ತದೆ. ಕಲಾಯಿ ಎಂದರೆ ತವರದ ಲೇಪ. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಕರಗಿಸಿ ಅರಳೆಯಲ್ಲಿ ಒರೆಸುತ್ತಾರೆ. ತವರ 232 ಡಿಗ್ರಿಗೇ ಕರಗುತ್ತದೆ. ಆದ್ದರಿಂದ ಬರೀ ಪಾತ್ರೆಯನ್ನು ಒಲೆ ಮೇಲಿಡಬೇಡಿ, ಒಗ್ಗರಣೆಗೂ ಬಳಸಬೇಡಿ. ಕಲಾಯಿಯವರಿಗೆ ಎದುರಿಗೇ ಕೂತು ಮಾಡಿಸಿ. ತವರಕ್ಕೆ ಸೀಸ ಬೆರೆಸಿದರೆ ಅದು ವಿಷ.

ಬಳಪದ ಕಲ್ಲಿನ ಪಾತ್ರೆ ಸಿಕ್ಕರೆ ಪುಣ್ಯ. ಬಿಸಿ ಬಹಳ ಹೊತ್ತು ಹಿಡಿಯುತ್ತದೆ, ಸಾರು ಇಳಿಸಿದ ಮೇಲೂ ಕುದಿಯುತ್ತಿರುತ್ತದೆ. ಆದರೆ ಸೀದಾ ಒಲೆಗಿಟ್ಟರೆ ಸೀಳುತ್ತದೆ. ನಮ್ಮ ಮನೆಯವರು ಎಣ್ಣೆ, ಅರಿಶಿನ ಹಚ್ಚಿ ಬಿಸಿಲಿಗಿಟ್ಟು, ಆಮೇಲೆ ಕೆಲವು ದಿನ ಬಿಸಿ ಗಂಜಿ ತುಂಬಿಸಿ ಹದ ಮಾಡುತ್ತಾರೆ. ಮೊದಮೊದಲು ಸಣ್ಣ ಉರಿಯೇ.

ರಾಗಿ ಬೀಸುವ ಕಲ್ಲನ್ನು ಈಗ ಹಿತ್ತಿಲಿಗೆ ಎಸೆದಿರುತ್ತಾರೆ, ಪೇಟೆಯವರು ಅದನ್ನು ತೋಟದ ಅಲಂಕಾರಕ್ಕೆ ಒಯ್ಯುತ್ತಾರೆ. ನಾವು ಗೂಟ ಹೊಸದಾಗಿ ಹಾಕಿಸಿ, ಕಲ್ಲು ಕುಟ್ಟಿಸಿ ಬೇಳೆ ಒಡೆಯಲು ಇಟ್ಟುಕೊಂಡಿದ್ದೇವೆ. ಮನೆ ತೊಗರಿ ಮನೆಯಲ್ಲೇ ಬೇಳೆಯಾಗುತ್ತದೆ.

ಎಚ್ಚರ, ಕೋಟಿಯ ಆಸೆ

ಹಳೆ ತಾಮ್ರದ ಚೊಂಬು ಇದೆಯೇ ಅಂತ ಕೇಳಿಕೊಂಡು ಕಾರಿನಲ್ಲಿ ಬರುವವರ ಬಗ್ಗೆ ಹುಷಾರು. ಸಿಡಿಲು ಬಡಿದ ಚೊಂಬು ಅಕ್ಕಿ ಎಳೆಯುತ್ತದೆ, ಅದರಲ್ಲಿ ಇರಿಡಿಯಂ ಇದೆ, ವಿದೇಶದವರು ಕೋಟಿಗಟ್ಟಲೆ ಕೊಡುತ್ತಾರೆ ಅನ್ನುತ್ತಾರೆ. ಇದಕ್ಕೆ 'ರೈಸ್ ಪುಲ್ಲಿಂಗ್' ಅಂತ ಹೆಸರು. ಅಕ್ಕಿಗೆ ಕಬ್ಬಿಣದ ಪುಡಿ ಸೇರಿಸಿ, ಪಾತ್ರೆಯಲ್ಲಿ ಅಯಸ್ಕಾಂತ ಬಚ್ಚಿಟ್ಟು ಆಡುವ ಆಟ ಅದು. ಆಮೇಲೆ ಪರೀಕ್ಷೆ ಖರ್ಚು, ಕಾಗದಪತ್ರದ ಖರ್ಚು ಅಂತ ನಮ್ಮಿಂದಲೇ ಲಕ್ಷ ಲಕ್ಷ ಕೀಳುತ್ತಾರೆ. ಕರ್ನಾಟಕದಲ್ಲೇ ಎಷ್ಟೋ ಕೇಸಾಗಿವೆ. ಜಮೀನು ಅಡ ಇಟ್ಟು ಕೆಡಬೇಡಿ. ಯಾವ ಚೊಂಬೂ ಅಕ್ಕಿ ಎಳೆಯುವುದಿಲ್ಲ.

ಹೊಲ ಉಳುವಾಗ ನಾಣ್ಯ, ವಿಗ್ರಹ, ನಿಧಿಯ ಮಡಕೆ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ಮುಚ್ಚಿಟ್ಟರೆ ನಿಧಿ ಕಾನೂನಿನಲ್ಲಿ ಶಿಕ್ಷೆ ಇದೆ. 1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಚರಿತ್ರೆಯ ವಸ್ತುಗಳನ್ನು ದೇಶದ ಹೊರಗೆ ಮಾರುವಂತಿಲ್ಲ, ಅವುಗಳ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ದೇವಸ್ಥಾನದ ಗಂಟೆ, ದೀಪ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ. ಕದ್ದದ್ದು ಇರಬಹುದು.

ಮಾರಲೇಬೇಕಾದರೆ

ಕಷ್ಟಕಾಲದಲ್ಲಿ ಮಾರಬೇಡಿ ಅನ್ನಲು ನಾನ್ಯಾರು? ಆದರೆ ಮೂರು ಕೆಲಸ ಮಾಡಿ. ಮನೆಯ ತಕ್ಕಡಿಯಲ್ಲಿ ಮೊದಲೇ ತೂಗಿ ಬರೆದಿಟ್ಟುಕೊಳ್ಳಿ. ಆ ದಿನದ ಹಿತ್ತಾಳೆ, ತಾಮ್ರದ ದರವನ್ನು ಇಬ್ಬರು ವ್ಯಾಪಾರಿಗಳಲ್ಲಿ ವಿಚಾರಿಸಿ. ಹೆಸರು, ಚಿತ್ತಾರ, ಅಪರೂಪದ ಆಕಾರ ಇರುವುದನ್ನು ಬೇರೆ ಇಟ್ಟು, ಒಡೆದ ತಪ್ಪಲೆ, ತೂತು ಬಿದ್ದ ಹಂಡೆ ಮೊದಲು ಕೊಡಿ. ಮನೆಯ ಹೆಂಗಸರನ್ನು ಕೇಳದೆ ಮಾತ್ರ ಕೊಡಬೇಡಿ. ಅದರಲ್ಲಿ ಬಹಳಷ್ಟು ಅವರು ತವರಿನಿಂದ ತಂದದ್ದು, ಅವರ ಆಸ್ತಿ.

ಅನುಕೂಲವಾದರೆ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಗುಜರಾತಿನ ಅಹಮದಾಬಾದಿನಲ್ಲಿ 1981ರಿಂದ ಬರೀ ಪಾತ್ರೆಗಳದ್ದೇ ಒಂದು ಮ್ಯೂಸಿಯಂ ಇದೆ. ಅಲ್ಲಿ ಗಾಜಿನೊಳಗೆ ಇಟ್ಟಿರುವಂಥ ಸಾಮಾನು ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿ ಇಲಿ ಹಿಕ್ಕೆ ತುಂಬಿಕೊಂಡು ಕೂತಿದೆ. ಈ ಸಲ ಸುಗ್ಗಿ ಮುಗಿದ ಮೇಲೆ ಒಂದು ದಿನ ಏಣಿ ಹಾಕಿ ಹತ್ತಿ ಇಳಿಸಿ ನೋಡಿ. ಯಾವುದು ಯಾರದ್ದು ಅಂತ ಹೇಳುವ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.