ಹ್ಯಾಟೆ ಬೇಗ ಮೊಟ್ಟೆ ಇಟ್ಟರೆ ಬಲ್ಬು ನೋಡಿ

ಹದಿನೆಂಟು ವಾರಕ್ಕೇ ಕೋಳಿ ಮೊಟ್ಟೆ ಇಟ್ಟರೆ ಯಾರಿಗಾದರೂ ಖುಷಿಯೇ. ನನಗೂ ಆಗಿತ್ತು. ಮುಂದಿನ ಮೂರು ವಾರದಲ್ಲಿ ಹನ್ನೊಂದರಲ್ಲಿ ನಾಲ್ಕು ಹ್ಯಾಟೆ ಸತ್ತವು. ತಪ್ಪು ನನ್ನದೇ ಅಂತ ಗೊತ್ತಾಗಲು ತಡವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಜೋಯಿಡಾ ತಾಲೂಕಿನ ರಾಮನಗರ. ಸೂಪಾ ಆಣೆಕಟ್ಟಿಗೆ ಊರು ಕಳಕೊಂಡು ಇಲ್ಲಿಗೆ ಬಂದ ಮನೆತನ. ಮಳೆ ನಂಬಿದ ಜಮೀನು. ಭತ್ತ ಕೊಯ್ದ ಮೇಲೆ ಕೈಯಲ್ಲಿ ಕಾಸು ಓಡಾಡುವುದು ಕೋಳಿ, ಆಡಿನಿಂದಲೇ. 2022ರ ಅಕ್ಟೋಬರ್ ಮೊದಲ ವಾರ ಗಿರಿರಾಜ ಮರಿ ತಂದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ಹಿತ್ತಲ ಕೋಳಿ ತಳಿ ಇದು. ಹುಂಜಗಳನ್ನು ಮಾರಿ, ಹಳಿಯಾಳದ ಕಡೆ ಇರುವ ತಂಗಿಗೆ ನಾಲ್ಕು ಕೊಟ್ಟು ನನ್ನಲ್ಲಿ ಹನ್ನೊಂದು ಹ್ಯಾಟೆ ಉಳಿದವು. ಇನ್ನೂ ಮೊಟ್ಟೆಗೆ ಬಾರದ ಎಳೆ ಹ್ಯಾಟೆಗೆ ನಮ್ಮಲ್ಲಿ ಮರಾಠಿ ಮಾತಾಡುವವರು ತಲಂಗ ಅನ್ನುತ್ತಾರೆ.

ಗಿರಿರಾಜ ಮೊಟ್ಟೆ ಶುರು ಮಾಡಲು ಸುಮಾರು ಐದೂವರೆ ತಿಂಗಳು ಬೇಕು. ಜವಾರಿ ಕೋಳಿಗೆ ಆರೇಳು ತಿಂಗಳು. 18–20 ವಾರಕ್ಕೆ ಇಡುವುದು ಫಾರ್ಮಿನ ಬಿಳಿ ಕೋಳಿ, ಅದನ್ನು ಅದಕ್ಕೆಂದೇ ರೂಢಿಸಿದ್ದಾರೆ.

ಡಿಸೆಂಬರ್ ನಡುವೆ ಕಾಡುಬೆಕ್ಕಿನ ಕಾಟ ಶುರುವಾಯಿತು. ಸುತ್ತ ಕಾಡು, ಬರದೆ ಏನು ಮಾಡೀತು. 'ಗೂಡಿನ್ಯಾಗ ಲೈಟ್ ಹಚ್ಚಿಡು, ಬರಂಗಿಲ್ಲ' ಅಂತ ಒಬ್ಬರು ಹೇಳಿದರು. ಬಲ್ಬು ತೂಗಿಹಾಕಿ ರಾತ್ರಿಯಿಡೀ ಉರಿಸಿದೆ. ಬೆಕ್ಕು ಬರಲಿಲ್ಲ. (ಊರು ಮುಳುಗಿಸಿ ಮಾಡಿದ ಕರೆಂಟು ಕಡೆಗೂ ಉಪಯೋಗಕ್ಕೆ ಬಂತು ಅಂದುಕೊಂಡೆ!) ಫೆಬ್ರವರಿ ಎರಡನೇ ವಾರ ಮೊದಲ ಮೊಟ್ಟೆ ಸಿಕ್ಕಿತು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಒಂದನ್ನು ಒಡೆದರೆ ಒಳಗೆ ಹಳದಿಯೇ ಇಲ್ಲ. ಚೊಚ್ಚಲ ಮೊಟ್ಟೆ ಹೀಗಿರುವುದುಂಟು ಎಂದು ಸುಮ್ಮನಾದೆವು.

ಹನ್ನೆರಡನೇ ದಿನ ಒಂದು ಹ್ಯಾಟೆಯ ಹಿಂದಿನ ದ್ವಾರದಿಂದ ಕೆಂಪು ಮಾಂಸ ಹೊರಬಂದಿತ್ತು. ಉಳಿದವು ಅದನ್ನೇ ಕುಕ್ಕುತ್ತಿದ್ದವು. ಬಿಡಿಸುವಷ್ಟರಲ್ಲಿ ಕರುಳು ಎಳೆದುಬಿಟ್ಟಿದ್ದವು. ಆಮೇಲೆ ಇನ್ನೆರಡು ಹೀಗೇ ಹೋದವು. ನಾಲ್ಕನೆಯದಕ್ಕೆ ಮೊಟ್ಟೆ ಒಳಗೇ ಕಟ್ಟಿಕೊಂಡಿತು. ಮನೆಯಲ್ಲಿ 'ಹುರುಳಿ ಹಾಕಿದ್ದು ಉಷ್ಣ ಆಯ್ತು' ಎಂದರು. ನಾನು ರೋಗವೆಂದು ತಿಳಿದು ಪಶುವೈದ್ಯರ ಹತ್ತಿರ ಓಡಿದೆ. ಅವರು ಮೊದಲು ಕೇಳಿದ್ದೇ 'ರಾತ್ರಿ ಲೈಟ್ ಹಾಕ್ತೀರಾ?'

ಸಂಗತಿ ಹೀಗಿದೆ. ಕೋಳಿ ಕಾಲ ಎಣಿಸುವುದು ಬೆಳಕಿನಿಂದ. ಬೆಳಕು ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆ ದಾಟಿ ನೇರ ಮಿದುಳಿಗೂ ತಾಗುತ್ತದೆ. ಕುರುಡು ಕೋಳಿಗೂ ಹಗಲು ಉದ್ದವಾದದ್ದು ತಿಳಿಯುತ್ತದಂತೆ! ಹಗಲು ಬೆಳೆಯುತ್ತಿದೆ ಅಂದರೆ ಮರಿ ಮಾಡುವ ಕಾಲ ಬಂತು ಎಂದು ಮಿದುಳು ಅಂಡಾಶಯಕ್ಕೆ ಸುದ್ದಿ ಕಳಿಸುತ್ತದೆ. ನಮ್ಮ ಕಡೆ ಡಿಸೆಂಬರಿನಲ್ಲಿ ಹಗಲು ಸುಮಾರು ಹನ್ನೊಂದೂಕಾಲು ತಾಸು, ಜೂನಿನಲ್ಲಿ ಹದಿಮೂರು. ಅಷ್ಟು ಸಣ್ಣ ಏರಿಕೆಯಿಂದ ದೊಡ್ಡ ತೊಂದರೆಯಿಲ್ಲ. ನಾನು ಹತ್ತು ವಾರದ ಮರಿಗೆ ಹನ್ನೊಂದೂಕಾಲು ತಾಸಿನಿಂದ ಒಂದೇ ದಿನಕ್ಕೆ ಇಪ್ಪತ್ತನಾಲ್ಕು ತಾಸು ಮಾಡಿದ್ದೆ.

ಅಂಡಾಶಯ ಎದ್ದಿತು, ಮೈ ಏಳಲಿಲ್ಲ. ಸೊಂಟದ ಎಲುಬು ಅಗಲವಾಗಿಲ್ಲ, ಮೊಟ್ಟೆ ಬರುವ ದಾರಿ ಇನ್ನೂ ಬಿಗಿ. ಮುಕ್ಕಿ ಮುಕ್ಕಿ ಮಾಳಿ ಹೊರಬೀಳುತ್ತದೆ. ಇನ್ನೊಂದು, ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣದಂಶ ಬೇಕು. ಬಲಿತ ಹ್ಯಾಟೆ ಮೊಟ್ಟೆಗೆ ಬರುವ ಮುನ್ನ ಅದನ್ನು ಎಲುಬಿನೊಳಗೆ ಕೂಡಿಟ್ಟುಕೊಳ್ಳುತ್ತದೆ. ಎಳೆಯದಕ್ಕೆ ಆ ಗಂಟು ಇರುವುದಿಲ್ಲ. ಹಾಗಂತ ಮೊಟ್ಟೆ ಕೋಳಿಯ ಆಹಾರವನ್ನು ಎಳೆ ಮರಿಗೆ ಮೊದಲೇ ಸುರಿಯಬೇಡಿ. ಅದರಲ್ಲಿರುವ ಹೆಚ್ಚಿನ ಸುಣ್ಣ ಮೂತ್ರಪಿಂಡ ಕೆಡಿಸುತ್ತದೆ. ಮೊಟ್ಟೆ ಶುರುವಾಗುವ ಹೊತ್ತಿಗೆ ಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದದ್ದು ತಾನೇ ತಿನ್ನುತ್ತದೆ. ಕಾರವಾರದ ಕಡೆಯಿಂದ ಬರುವ ಮೀನಿನವರಿಗೆ ಹೇಳಿದರೆ ಚಿಪ್ಪು ತಂದುಕೊಡುತ್ತಾರೆ.

ಮಾಳಿ ಬಿದ್ದ ಹ್ಯಾಟೆಯನ್ನು ಕೂಡಲೇ ಬೇರೆ ಮಾಡಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಾವು ಇಳಿಯಲು ಸಕ್ಕರೆ ನೀರು ಹಾಕಿ, ಎಣ್ಣೆ ಹಚ್ಚಿದ ಬೆರಳಿನಿಂದ ಮೆಲ್ಲಗೆ ಒಳಸೇರಿಸಿ ಕತ್ತಲಲ್ಲಿಡಬೇಕು. ಮತ್ತೆ ಬೀಳುವುದೇ ಹೆಚ್ಚು. ನನ್ನಲ್ಲಿ ಒಂದೂ ಉಳಿಯಲಿಲ್ಲ.

ವೈದ್ಯರು ಹೇಳಿಕೊಟ್ಟ ಲೆಕ್ಕ ಎರಡೇ. ಬೆಳೆಯುವ ಕೋಳಿಗೆ ಬೆಳಕು ಹೆಚ್ಚಿಸಬಾರದು, ಇಡುವ ಕೋಳಿಗೆ ಕಡಿಮೆ ಮಾಡಬಾರದು. ಆದರೆ ರಕ್ತ ಕಾಣುತ್ತಿದ್ದರಿಂದ ಅಂದೇ ಬಲ್ಬು ತೆಗೆಸಿದರು. ಉಳಿದ ಏಳರಲ್ಲಿ ಐದು ಮೊಟ್ಟೆ ನಿಲ್ಲಿಸಿ ಪುಕ್ಕ ಉದುರಿಸಿದವು. ಮತ್ತೆ ಶುರುವಾದದ್ದು ಏಪ್ರಿಲ್ ಕೊನೆಗೆ. ಅದೇ ಮರಿಯ ಗುಂಪು ತಂಗಿಯ ಮನೆಯಲ್ಲಿ ಬಲ್ಬಿಲ್ಲದೆ ಬೆಳೆದು ಮಾರ್ಚ್ ಕೊನೆಗೆ ಮೊಟ್ಟೆಗೆ ಬಂತು. ಮೊದಲ ಮೊಟ್ಟೆಯೇ ಕೈತುಂಬ. ನಾಲ್ಕಕ್ಕೆ ನಾಲ್ಕೂ ಬದುಕಿವೆ ಎಂದು ಆಕೆ ಫೋನಿನಲ್ಲಿ ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ಮರಿಗೆ ಕಾವು ಕೊಡುವ ಮೊದಲ ಮೂರ್ನಾಲ್ಕು ವಾರದ ಬಲ್ಬಿನಿಂದ ತೊಂದರೆಯಿಲ್ಲ. ಆಮೇಲೆ ಸೂರ್ಯನ ಬೆಳಕೇ ಸಾಕು. ಹ್ಯಾಟೆ ಹದಕ್ಕೆ ಬಂತೇ ನೋಡಲು ಜುಟ್ಟು ಕೆಂಪೇರಿರಬೇಕು, ಬೆನ್ನ ಮೇಲೆ ಕೈಯಿಟ್ಟರೆ ಕುಕ್ಕರಿಸಬೇಕು, ಹಿಂಭಾಗದ ಎರಡು ಎಲುಬಿನ ನಡುವೆ ಎರಡು ಬೆರಳು ಹಿಡಿಸಬೇಕು.

ಈಗ ಗೂಡಿಗೆ ಅರ್ಧ ಇಂಚಿನ ತಂತಿ ಜಾಲರಿ ಹೊಡೆಸಿದ್ದೇನೆ, ನೆಲಕ್ಕೆ ಒಂದು ಅಡಿ ಹುಗಿದಿದ್ದೇನೆ. ಬೆಕ್ಕು ಈಗಲೂ ಬರುತ್ತದೆ. ಬೆಳಗಾದರೆ ಗೂಡಿನ ಮಾಡಿನ ಮೇಲೆ ಅದರ ಹೆಜ್ಜೆ ಇರುತ್ತದೆ.